ಮೂರನೆಯ ದಿನದ ಹಾಲು

ನನ್ನ ತವರು ಊರಿಗಾಂನಲ್ಲಿ, ಚಿನ್ನದ ಗಣಿಯ ಕೆಲಸಗಾರರ ಲೈನ್ ಮನೆ. ಕೊಟ್ಟಿದ್ದು ಬಂಗಾರಪೇಟೆ ಪಕ್ಕದ ಹಳ್ಳಿಗೆ. ರೈಲು ಹತ್ತಿದರೆ ಅರ್ಧ ಗಂಟೆಯ ದಾರಿ. ಆದರೂ ಮದುವೆಯಾದ ಎಂಟು ವರ್ಷದಲ್ಲಿ ಅಮ್ಮನ ಪಕ್ಕ ಒಂದು ರಾತ್ರಿ ಮಲಗಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಮನೆಯಲ್ಲಿ ಎರಡು ಸೀಮೆಹಸು. ಬೆಳಗ್ಗೆ ಕರೆಯಬೇಕು, ಸಂಜೆ ಕರೆಯಬೇಕು. ಹಸುವಿಗೆ ಹಬ್ಬವಿಲ್ಲ, ಭಾನುವಾರವಿಲ್ಲ. ಅದರ ಕೊರಳಲ್ಲಾದರೂ ಹಗ್ಗ ಕಾಣುತ್ತದೆ, ನೋಡಿದವರು ಅಯ್ಯೋ ಅನ್ನುತ್ತಾರೆ.

ಈ ಬಾಳಿನಲ್ಲಿ ನನ್ನದು ಅಂತ ಇದ್ದದ್ದು ಡೈರಿಯ ಕೆಲಸವೊಂದೇ. ಊರಿನ ಹಾಲೆಲ್ಲ ಬಂದು ಸೇರುವ ಆ ಒಂದು ಕೋಣೆಯಲ್ಲಿ ಎರಡು ಹೊತ್ತೂ ನಾನು ಹಾಲು ಪರೀಕ್ಷೆ ಮಾಡಿ ಅಳೆದುಕೊಳ್ಳುತ್ತಿದ್ದೆ. ಹತ್ತನೇ ಕ್ಲಾಸು ಪಾಸಾದ ಸೊಸೆ ಎಂದು ಅತ್ತೆಯೇ ಒಪ್ಪಿ ಕಳಿಸಿದ್ದರು. ಒಪ್ಪಿದವರು ಬೇಡ ಅನ್ನಲೂ ಬಹುದು ಎಂಬುದನ್ನು ಆಗಾಗ ನೆನಪಿಸುತ್ತಲೂ ಇದ್ದರು. ಡೈರಿಯಲ್ಲಿ ನಾನು ಯಾರ ಸೊಸೆಯೂ ಅಲ್ಲ. ದೊಡ್ಡ ಮನೆಯ ಯಜಮಾನರೂ ನನ್ನ ಮುಂದೆ ಪಾತ್ರೆ ಹಿಡಿದು ನಿಲ್ಲಬೇಕು. ಅದು ನನಗೆ ಬಹಳ ಇಷ್ಟವಿತ್ತು, ಸುಳ್ಳು ಯಾಕೆ ಹೇಳಲಿ.

ಕೆಚ್ಚಲು ಬಾವು ಬಂದು ಸೂಜಿ ಹಾಕಿಸಿದ ಹಸುವಿನ ಹಾಲನ್ನು ಡಾಕ್ಟರು ಹೇಳಿದಷ್ಟು ದಿನ ಡೈರಿಗೆ ಹಾಕಬಾರದು, ಮನೆಯಲ್ಲೂ ಕುಡಿಯಬಾರದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಔಷಧಿ ಹಾಲಿಗೆ ಇಳಿಯುತ್ತದೆ, ಕುದಿಸಿದರೂ ಹೋಗುವುದಿಲ್ಲ. ಒಂದು ಹಸುವಿನದು ಸೇರಿದರೂ ಇಡೀ ಕ್ಯಾನು ಕೆಟ್ಟಂತೆ. ನಮ್ಮ ಕಡೆಯ ದನದ ಡಾಕ್ಟರು ಸಾಮಾನ್ಯವಾಗಿ ಮೂರು ದಿನ ಅನ್ನುತ್ತಿದ್ದರು. ನಾನೂ ಸಾಲಿನಲ್ಲಿ ನಿಂತವರಿಗೆಲ್ಲ ಗಿಣಿಪಾಠ ಒಪ್ಪಿಸಿದ ಹಾಗೆ ಮೂರು ದಿನ, ಮೂರು ದಿನ ಎಂದು ಹೇಳುತ್ತಾ ಬಂದೆ.

ಒಂದು ಶನಿವಾರ ಸಂಜೆ, ಹಾಲು ಕರೆದಾದ ಮೇಲೆ, ನಮ್ಮ ಕೆಂಪು ಹಸುವಿಗೇ ಆ ಸೂಜಿ ಬಿತ್ತು. ಭಾನುವಾರ ಎರಡು ಹೊತ್ತಿನ ಹಾಲನ್ನೂ ಅತ್ತೆ ಯಾರೂ ತುಳಿಯದ ಜಾಗ ನೋಡಿ ತೆಂಗಿನ ಬುಡಕ್ಕೆ ಸುರಿದರು. ಸುರಿಯುವಾಗ ಅವರ ಕಣ್ಣು ಒದ್ದೆಯಾಗಿತ್ತು. ಸೋಮವಾರ ಬೆಳಗ್ಗೆ ನಾನು ಡೈರಿಯಲ್ಲಿದ್ದಾಗ ಅವರೇ ಸಾಲಿನಲ್ಲಿ ಬಂದು ನಿಂತರು. ಪಾತ್ರೆ ತುಂಬಾ ಹಾಲು.

"ಇದು ಕೆಂಪು ಅಸೂದಾ ಅತ್ತೆಮ್ಮಾ?" ಎಂದು ಮೆಲ್ಲಗೆ ಕೇಳಿದೆ.

"ಊಂ, ಇನ್ಯಾರ್ದು? ಮೂರು ದಿನ ಆಯ್ತಲ್ಲ, ಆಕ್ಕೋ."

"ಎಲ್ಲಾಯ್ತು? ನಿನ್ನೆ ಒಂದು ದಿನ ತಾನೇ ಬಿಟ್ಟಿರೋದು?"

ಅತ್ತೆ ಬೆರಳು ಮಡಿಸಿದರು. "ಶನಿವಾರ ಒಂದು, ಬಾನುವಾರ ಎಲ್ಡು, ಇವತ್ತು ಮೂರು. ನಿಮ್ಮ ಮಾವ ತೀರ್ಕೊಂಡಾಗ ಮೂರನೇ ದಿನದ ಆಲು-ತುಪ್ಪ ಎಂಗೆ ಎಣ್ಸಿದ್ರು? ಓದ್ ದಿನಾನೂ ಸೇರ್ಸೇ ಅಲ್ವಾ?"

ನಿಜವೇ. ನಮ್ಮಲ್ಲಿ ಶನಿವಾರ ತೀರಿಕೊಂಡವರಿಗೆ ಸೋಮವಾರ ಹಾಲು-ತುಪ್ಪ ಬಿಡುತ್ತಾರೆ, ಸತ್ತ ದಿನವೂ ಸೇರಿಯೇ ಮೂರು. ಹಿಂದೆ ನಿಂತಿದ್ದ ಹೆಂಗಸೊಬ್ಬಳು, "ನಾವೆಲ್ಲಾ ಅಂಗೇ ಎಣ್ಸೋದು ಕಣಮ್ಮೀ" ಎಂದಳು. ನಾಲ್ಕಾರು ತಲೆಗಳು ಹೌದೆಂದು ಅಲ್ಲಾಡಿದವು.

ಇಷ್ಟು ವರ್ಷ ಎಷ್ಟು ಹಸುಗಳ ಔಷಧಿ ಹಾಲನ್ನು ನಾನೇ ನನ್ನ ಕೈಯಾರೆ ಕ್ಯಾನಿಗೆ ಸುರಿದಿದ್ದೇನೋ. ದಿನಕ್ಕೆ ಎರಡರಂತೆ ಆರು ಸಲ ಕರೆದದ್ದನ್ನು ಬಿಡಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಓದಿದವಳು ಎಂದು ಮೆರೆದವಳು ನಾನು. ಈಗ ಅತ್ತೆಯ ಹಾಲು ಬೇಡ ಎಂದರೆ ಹತ್ತು ಜನರ ಮುಂದೆ ಅವರ ಮಾನ ಹೋಗುತ್ತದೆ, ನನಗೆ ಡೈರಿ ತಪ್ಪುತ್ತದೆ. ಹಾಕಿಕೊಂಡರೆ ಇನ್ನು ಯಾರಿಗೂ ಬೇಡ ಅನ್ನುವ ಬಾಯಿ ನನಗಿರುವುದಿಲ್ಲ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ತಪ್ಪು ನಂದೇ ಅತ್ತೆಮ್ಮಾ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಸೂಜಿ ಬಿದ್ಮೇಲೆ ಆರು ಸಲ ಕರ್ದಿದ್ದು ಬಿಡ್ಬೇಕು. ಎರಡೇ ಸಲ ಬಿಟ್ಟಿರೋದು. ಆಕ್ಕೊಳಕಾಗಲ್ಲ."

ಅತ್ತೆ ಪಾತ್ರೆಗೆ ಮುಚ್ಚಳ ಹಾಕಿ ಹೊರಟುಹೋದರು. ಸಾಲಿನ ಕೊನೆಯಲ್ಲಿದ್ದ ಮುದುಕಿಯೊಬ್ಬಳೂ ತನ್ನ ಪಾತ್ರೆ ಎತ್ತಿಕೊಂಡು ಸದ್ದಿಲ್ಲದೆ ಹಿಂದಿರುಗಿದಳು.

ನಾನು ಮನೆಗೆ ಬಂದಾಗ ಅದೇ ಹಾಲು ಒಲೆಯ ಮೇಲೆ ಉಕ್ಕುತ್ತಿತ್ತು. ಐದು ವರ್ಷದ ಮಗಳು ಯೂನಿಫಾರ್ಮ್ ಹಾಕಿಕೊಂಡು ಕೂತಿದ್ದಳು. ಅತ್ತೆ ಎರಡು ಲೋಟಕ್ಕೆ ಬಗ್ಗಿಸಿ, ಒಂದನ್ನು ಅವಳ ಮುಂದೆ, ಒಂದನ್ನು ನನ್ನ ಮುಂದೆ ಇಟ್ಟರು.

"ಊರೋರ್ಗೆ ಆಗ್ದಿದ್ದು ಮನೇವ್ರಿಗಾದ್ರೂ ಆಗ್ಲಿ. ಆಲು ಚೆಲ್ಲಿದ್ ಮನೆ ಉದ್ಧಾರ ಆಯ್ತದಾ? ಕುಡಿ. ಕುಡೀದಿದ್ರೆ ಸಂಜೆ ಡೈರಿ ಕಡೆ ಓಗ್ಬ್ಯಾಡ."

ಹೋಗದಿದ್ದರೆ ಆ ಜಾಗದಲ್ಲಿ ಇನ್ಯಾರೋ ಕೂರುತ್ತಾರೆ, ಸೂಜಿ ಬಿದ್ದ ಹಸುಗಳ ಸಂಜೆಯ ಹಾಲೂ ನೇರವಾಗಿ ಕ್ಯಾನಿಗೆ ಬೀಳುತ್ತದೆ. ಕುಡಿದೆ. ಅಷ್ಟರಲ್ಲಿ ಮಗಳು ತನ್ನ ಲೋಟಕ್ಕೆ ಕೈ ಚಾಚಿದ್ದಳು. ಅದನ್ನೂ ಕಿತ್ತುಕೊಂಡು ಒಂದೇ ಉಸಿರಿಗೆ ಗಂಟಲಿಗೆ ಸುರಿದುಕೊಂಡೆ. ಮಗಳು ಜೋರಾಗಿ ಅತ್ತಳು.

"ಮಗೀನ್ ಬಾಯಿಂದ ಕಿತ್ಕೊಂಡು ಕುಡಿಯೋ ತಾಯೀನ ಇವತ್ತೇ ನೋಡಿದ್ದು," ಎಂದರು ಅತ್ತೆ.

ಸಂಜೆ ಡೈರಿಗೆ ಹೋದೆ. ಸುಟ್ಟ ನಾಲಿಗೆಯಲ್ಲಿ ಬಂದವರಿಗೆಲ್ಲ ಆರು ಸಲ, ಆರು ಸಲ ಎಂದು ಹೇಳಿದೆ. ಅಷ್ಟು ಹೊತ್ತೂ ಮನೆಯಲ್ಲಿ ಕೆಂಪು ಹಸುವಿನ ಸಂಜೆಯ ಹಾಲು ಒಲೆಯ ಮೇಲಿತ್ತು, ಮಗಳು ಅಜ್ಜಿಯ ಪಕ್ಕದಲ್ಲಿದ್ದಳು.