ಯಾವ ನಂಬರು?

ಗ್ರೇಟರ್ ನೋಯ್ಡಾದಿಂದ ಮುನಿರ್ಕಾಕ್ಕೆ ಮೆಟ್ರೋದಲ್ಲಿ ಹೆಚ್ಚೆಂದರೆ ಎರಡು ಗಂಟೆಯ ದಾರಿ. ಸೋಮಶೇಖರನಿಗೆ ಅದಕ್ಕೆ ಐದು ತಿಂಗಳು ಹಿಡಿಯಿತು. ಹೊಗೆ ಎಂದ, ಚಳಿ ಎಂದ, ಮಂಡಿ ನೋವು ಎಂದ, ಹೋಳಿಯ ಬಣ್ಣ ಎಂದ. ಮನೆಯಿಂದ ಹೊರಡದಿರಲು ದೆಹಲಿಯಲ್ಲಿ ನೆಪಗಳಿಗೆ ಬರವೇ? ಏಪ್ರಿಲ್ ಬಂದು ನೆಪಗಳೆಲ್ಲ ಮುಗಿದ ಮೇಲೆ ಹೆಂಡತಿ ಹಂಸಾ ಚಟ್ನಿಪುಡಿಯ ಡಬ್ಬಿಯನ್ನು ಅವನ ಕೈಗಿಟ್ಟಳು.

"ಇವತ್ತು ನೀವು ಹೋಗದಿದ್ರೆ ನಾನೇ ಹೋಗ್ತೀನಿ. ನೀವು ಯಾಕೆ ಬರಲಿಲ್ಲ ಅಂತ ನಿಮ್ಮ ಸ್ನೇಹಿತರು ಕೇಳ್ತಾರೆ. ಏನು ಹೇಳಲಿ, ನೀವೇ ಹೇಳಿ."

ಆ ಪ್ರಶ್ನೆಗೆ ಉತ್ತರ ಹೇಳುವುದಕ್ಕಿಂತ ಹೊರಡುವುದೇ ಸುಲಭವೆನಿಸಿ ಸೋಮಶೇಖರ ಚಪ್ಪಲಿ ಮೆಟ್ಟಿದ.

ಸ್ನೇಹಿತನೆಂದರೆ ಚಂದ್ರಪ್ಪ. ಇಬ್ಬರೂ ಕೇಂದ್ರ ಸರ್ಕಾರದ ಒಂದೇ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ, ಫೈಲು ಹೊತ್ತು, ಬಡ್ತಿಗೆ ಕಾದು, ಎರಡು ವರ್ಷದ ಅಂತರದಲ್ಲಿ ನಿವೃತ್ತರಾದವರು. ಸೋಮಶೇಖರನದು ಮೊದಲಿನಿಂದಲೂ ಡೋಲಿನಂಥ ದೇಹ. ಚಂದ್ರಪ್ಪ ಗಾಳಿ ಬೀಸಿದರೆ ಹಾರಿಹೋಗುವ ಹಂಚಿಕಡ್ಡಿ. ಇಬ್ಬರೂ ಅಕ್ಕಪಕ್ಕ ನಡೆದರೆ ಸಾಕು, ಕಾರಿಡಾರಿನಲ್ಲಿ ಯಾರಾದರೂ ಕಿಸಕ್ಕೆನ್ನುತ್ತಿದ್ದರು. ಹಳೆಯ ಕಪ್ಪು-ಬಿಳುಪು ಚಿತ್ರಗಳಲ್ಲಿ ಗುಂಡು ಟೋಪಿ ಹಾಕಿಕೊಂಡು ಏಣಿ ಹೊತ್ತು ಬಂದು ಮನೆ ಹಾಳು ಮಾಡಿ ಹೋಗುವ ಆ ದಪ್ಪ-ಸಣ್ಣ ಜೋಡಿಯನ್ನು ಆಗ ಎಲ್ಲರೂ ನೋಡಿದ್ದರು. ಮೇಲಧಿಕಾರಿಯೂ ಇವರನ್ನು ಕರೆಸಬೇಕಾದಾಗ, "ಆ ಜೋಡೀನ ಕಳಿಸು" ಎನ್ನುತ್ತಿದ್ದ.

ಹೆಸರಿಗೆ ತಕ್ಕ ಕೆಲಸ ಮಾಡಿಬಿಡೋಣವೆಂದು ಒಂದು ವರ್ಷ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಇಬ್ಬರೂ ಗುಂಡು ಟೋಪಿ ಹಾಕಿ ವೇದಿಕೆ ಹತ್ತಿದರು. ಆಮೇಲೆ ಮೂವತ್ತು ವರ್ಷ ಜನ ಅವರನ್ನು ಇಳಿಯಲು ಬಿಡಲಿಲ್ಲ. ಭಾಷಣಕ್ಕೆ ಆಕಳಿಸುವವರು, ಭಾವಗೀತೆಗೆ ಎದ್ದು ಹೋಗುವವರು, ಕನ್ನಡ ಎಂದರೆ "ಸಮಝ್ ಮೇ ಆತಾ ಹೈ, ಬೋಲ್ನಾ ನಹೀ ಆತಾ" ಎನ್ನುವ, ಅರ್ಥವಾದರೂ ಮಾತಾಡಲು ಬಾರದ ಮಕ್ಕಳು, ಎಲ್ಲರೂ ಈ ಇಪ್ಪತ್ತು ನಿಮಿಷಕ್ಕೆ ಮುಂದಿನ ಸಾಲಿಗೆ ಬಂದು ಕೂರುತ್ತಿದ್ದರು. ಬೀಳುವುದಕ್ಕೆ ಭಾಷೆ ಬೇಕೇ?

ಭಾಷೆ ಬೇಕಾದದ್ದು ಒಂದೇ ಕಡೆ. ಅದೂ ಚಂದ್ರಪ್ಪನ ಸ್ವಂತ ಅನುಭವ. ಎಂಬತ್ಮೂರರಲ್ಲಿ ಲಕ್ಷ್ಮೀ ನಗರದ ಒಂದು ಢಾಬಾದಲ್ಲಿ ಇಬ್ಬರೂ ಊಟಕ್ಕೆ ಕೂತಿದ್ದರು. ಪರಿಚಯವಾಗಿ ಇನ್ನೂ ಮೂರು ದಿನ. ದಾಲ್ ಬಡಿಸುತ್ತಿದ್ದವನು ಸೌಟು ಎತ್ತಿ, "ಬಸ್?" ಎಂದು ಕೇಳಿದ. ಸಾಕೇ ಎಂದು ಅವನ ಪ್ರಶ್ನೆ. ಚಂದ್ರಪ್ಪ ಬಸ್ಸು ಬಂತೆಂದು ತಿಳಿದು, ಎಂಜಲು ಕೈಯಲ್ಲೇ ರಸ್ತೆಗೆ ಓಡಿದ. ಅವನ ಹಿಂದೆ ಸೋಮಶೇಖರನೂ, "ಯಾವ ನಂಬರು? ಯಾವ ನಂಬರು?" ಎಂದು ಕೂಗುತ್ತಾ ಓಡಿದ. ಒಬ್ಬನೇ ದಡ್ಡನಾಗಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು, ಇಬ್ಬರಿದ್ದರಿಂದ ಸ್ನೇಹವಾಯಿತು.

ಅದನ್ನೇ ಅವರು ಆಟದ ಕೊನೆಗೆ ಇಟ್ಟುಕೊಂಡಿದ್ದರು. ಬ್ಯಾನರ್ ಕಟ್ಟಲು ಏಣಿ ಹತ್ತಿದ ಸಣ್ಣವನು ಧೊಪ್ಪೆಂದು ಬೀಳುತ್ತಾನೆ, ಸಾಕಪ್ಪಾ ಸಾಕು ಎಂಬಂತೆ "ಬಸ್, ಬಸ್" ಎಂದು ನರಳುತ್ತಾನೆ. ದಪ್ಪವನು ಹುಬ್ಬಿಗೆ ಕೈ ಅಡ್ಡ ಹಿಡಿದು ಜನರ ಕಡೆ ದೃಷ್ಟಿ ಹಾಯಿಸಿ, "ಯಾವ ನಂಬರು?" ಎನ್ನುತ್ತಾನೆ. ಬಿದ್ದವನು ಬಿದ್ದಲ್ಲಿಂದಲೇ, "ಆರ್ನೂರ ಹದಿನೈದು." ದಪ್ಪವನು, "ಅದು ಹೋಯ್ತು!" ಅಷ್ಟೇ. ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಇದಕ್ಕೊಂದು ಕಟ್ಟುನಿಟ್ಟಿನ ನಿಯಮವನ್ನು ಅವರು ಆ ಚಿತ್ರಗಳಿಂದಲೇ ಕಲಿತಿದ್ದರು: ಬಿದ್ದವನನ್ನು ನೋಡಬಾರದು, ಜನರನ್ನು ನೋಡಬೇಕು. ಬಿದ್ದವನನ್ನು ನೋಡಿದರೆ ಕರುಣೆ ಬರುತ್ತದೆ, ಕರುಣೆ ಬಂದರೆ ನಗು ಹೋಗುತ್ತದೆ.

ಬೊಟಾನಿಕಲ್ ಗಾರ್ಡನ್ ನಿಲ್ದಾಣದಲ್ಲಿ ಮುನಿರ್ಕಾ ಕಡೆಯ ರೈಲಿಗೆ ಬದಲಿಸಿ ಕೂತಾಗ ಸೋಮಶೇಖರನ ಪಕ್ಕದ ಕಾಲೇಜು ಹುಡುಗಿ ಫೋನಿನಲ್ಲಿ ಏನನ್ನೋ ನೋಡಿ ಒಬ್ಬಳೇ ನಗುತ್ತಿದ್ದಳು. ಬಗ್ಗಿ ನೋಡಿದರೆ ಅವರೇ, ಅದೇ ಗುಂಡು ಟೋಪಿಗಳು! ತನ್ನ ಮುತ್ತಜ್ಜನ ಕಾಲದವರು ಬಿದ್ದರೆ ಈ ಹುಡುಗಿಗೆ ಇವತ್ತೂ ನಗು. ಬೇರೆ ದಿನವಾಗಿದ್ದರೆ ಅವನು ತನ್ನ ಹಳೆಯ ಸಿದ್ಧಾಂತವನ್ನು ಅವಳಿಗೆ ಕೊರೆಯುತ್ತಿದ್ದ. ಜನ ನಗುವುದು ಬಿದ್ದದ್ದಕ್ಕಲ್ಲ, ಎಷ್ಟೇ ಬಿದ್ದರೂ, ಎಷ್ಟೇ ಬೈದಾಡಿದರೂ, ಕೊನೆಗೆ ಆ ಇಬ್ಬರೂ ಒಟ್ಟಿಗೇ ಮನೆಗೆ ಹೋಗುತ್ತಾರಲ್ಲ, ಆ ಧೈರ್ಯಕ್ಕೆ ಎಂದು. ಸಂಘದ ಸ್ಮರಣ ಸಂಚಿಕೆಯಲ್ಲಿ ಹೀಗೆಂದು ಬರೆದೂ ಇದ್ದ. ಈಗ ಅದು ನೆನಪಾಗಿ ನಾಚಿಕೆಯಿಂದ ಮುಖ ತಿರುಗಿಸಿಕೊಂಡ. ಅವಳು ಮತ್ತೆ ನಕ್ಕಳು. ತನ್ನನ್ನೇ ನೋಡಿ ನಕ್ಕಳೇನೋ ಎನಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ.

ಹೋದ ನವೆಂಬರಿನಲ್ಲಿ ನಡೆದದ್ದು ಇಷ್ಟು. ಚಂದ್ರಪ್ಪ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಡುವ ಮೊದಲೇ ಬಿದ್ದ. ಬೀಳಲೆಂದು ಹಾಸಿಗೆ ಹಾಕಿದ್ದ ಜಾಗದಲ್ಲಲ್ಲ, ವೇದಿಕೆಯ ಹಲಗೆಯ ಮೇಲೆ. "ಬಸ್... ಬಸ್" ಎಂದ. ಸೋಮಶೇಖರ ಅಭ್ಯಾಸಬಲದಿಂದ ಹುಬ್ಬಿಗೆ ಕೈ ಹಿಡಿದು, "ಯಾವ ನಂಬರು?" ಎಂದ. ಜನ ನಕ್ಕರು. ಉತ್ತರ ಬರಲಿಲ್ಲ. ಮರೆತನೇನೋ ಎಂದು, ನೆನಪಿಸುವಂತೆ ಇನ್ನೊಮ್ಮೆ, "ಯಾವ ನಂಬರು?" ಜನ ಇನ್ನೂ ಜೋರಾಗಿ ನಕ್ಕರು. ಆಗ ಸೋಮಶೇಖರ ನಿಯಮ ಮುರಿದು ಕಡೆಗಣ್ಣಿನಲ್ಲಿ ಕೆಳಗೆ ನೋಡಿದ. ಚಂದ್ರಪ್ಪನ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಮೂವತ್ತು ವರ್ಷದಲ್ಲಿ ಅವನು ಆ ಮುಖ ಮಾಡಿರಲಿಲ್ಲ.

ಅದನ್ನು ನೋಡಿದ ಮೇಲೂ ಸೋಮಶೇಖರ ತಲೆಯೆತ್ತಿ ಜನರ ಕಡೆ ತಿರುಗಿ ಮೂರನೇ ಸಲ ಕೇಳಿದ: "ಯಾವ ನಂಬರು?"

ಸಭಾಂಗಣ ಹಾರಿಹೋಗುವಂಥ ನಗು. ಅಂಥ ನಗು ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಅದನ್ನು ಪೂರ್ತಿಯಾಗಿ ಕೇಳಿಸಿಕೊಂಡ ಮೇಲೆಯೇ ಅವನು ಬಗ್ಗಿದ. ಆಮೇಲೆ ಅವನೇ ಎತ್ತಿಕೊಂಡು ಓಡಿದ, ಅವನೇ ಕಾರಿನ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಗೆಳೆಯನ ತಲೆ ಇಟ್ಟುಕೊಂಡ. ಲಕ್ವ ಹೊಡೆದಿದೆ, ಬೇಗ ತಂದದ್ದು ಒಳ್ಳೆಯದಾಯಿತೆಂದು ಡಾಕ್ಟರು ಹೇಳಿದರು. ಸಂಘದ ಗ್ರೂಪಿನಲ್ಲಿ ಎಲ್ಲರೂ ಸೋಮಶೇಖರನಿಗೆ ಕೈಮುಗಿದರು. ಅರ್ಧ ನಿಮಿಷದಿಂದ ಏನೂ ಹೆಚ್ಚುಕಡಿಮೆಯಾಗಿರಲಿಕ್ಕಿಲ್ಲ, ಅದು ಅವನಿಗೂ ಗೊತ್ತು. ಆದರೆ ಆ ಅರ್ಧ ನಿಮಿಷ ತನಗೆ ಗೆಳೆಯನಿಗಿಂತ ನಗು ಬೇಕಾಗಿತ್ತು. ಇದನ್ನು ಯಾವ ಡಾಕ್ಟರಿಗೆ ತೋರಿಸುವುದು?

ಮುನಿರ್ಕಾದ ಎರಡನೇ ಮಹಡಿಯ ಮನೆಯಲ್ಲಿ ಚಂದ್ರಪ್ಪನ ಹೆಂಡತಿ ವಾಸಂತಿ ಬಾಗಿಲು ತೆರೆದಳು.

"ಅಯ್ಯೋ, ಸೋಮಣ್ಣ! ಬನ್ನಿ ಬನ್ನಿ. ಇವರಂತೂ ದಿನಾ ಬಾಗಿಲು ನೋಡೋದೇ ಆಗಿದೆ. ನೀವಿಲ್ಲದಿದ್ದರೆ ಅವತ್ತು ಏನಾಗ್ತಿತ್ತೋ. ದೇವರ ಹಾಗೆ ಬಂದ್ರಿ."

"ಹಾಗನ್ನಬೇಡಿ ಅತ್ತಿಗೆ," ಎಂದ ಸೋಮಶೇಖರ. ಅವಳು ವಿನಯವೆಂದುಕೊಂಡಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಚಂದ್ರಪ್ಪ ಬಾಲ್ಕನಿಯ ಪಕ್ಕದ ಕುರ್ಚಿಯಲ್ಲಿದ್ದ, ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಇವನನ್ನು ಕಂಡು ಮುಖದ ಅರ್ಧ ಮಾತ್ರ ಅರಳಿತು. ಸೋಮಶೇಖರ ಎದುರಿಗೆ ಕೂತು ಚಟ್ನಿಪುಡಿಯ ಬಗ್ಗೆ, ಬಿಸಿಲಿನ ಬಗ್ಗೆ, ಮೆಟ್ರೋದ ಎ.ಸಿ.ಯ ಬಗ್ಗೆ ಮಾತಾಡಿದ. ಹೇಳಬೇಕಾದ್ದೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದ.

"ಅವತ್ತಿನ ವಿಡಿಯೋ ಸಂಘದ ಹುಡುಗಿ ಒಬ್ಬಳು ಕಳಿಸಿದ್ದಾಳೆ," ಎಂದಳು ವಾಸಂತಿ. "ನಾನು ಬೇಡ ಅಂದ್ರೂ ಕೇಳಲ್ಲ, ದಿನಾ ಹಾಕಿಸಿಕೊಳ್ತಾರೆ. ನೀವು ಕೊನೇ ಸಲ ನಂಬರ್ ಕೇಳ್ತೀರಲ್ಲ, ಅಲ್ಲಿಗೆ ಬಂದ ತಕ್ಷಣ ನಿಲ್ಲಿಸು ಅಂತಾರೆ. ಆಮೇಲೆ ಬಾಯಲ್ಲಿ ಏನೋ ಗೊಣ ಗೊಣ. ಮಾತು ಬರೋಕೆ ಒಳ್ಳೇ ಎಕ್ಸರ್ಸೈಜ್ ಅಂತೆ, ಮಾಡಿಸ್ತಿದೀನಿ."

ಅವಳು ವಿಡಿಯೋ ಹಾಕಿ, ಫೋನನ್ನು ಹೂದಾನಿಗೆ ಒರಗಿಸಿ ಚಹಾ ಮಾಡಲು ಒಳಗೆ ಹೋದಳು. ತೆರೆಯ ಮೇಲೆ ಅಂಗೈಯಷ್ಟು ಚಂದ್ರಪ್ಪ ಬಿದ್ದ. ಅಂಗೈಯಷ್ಟು ಸೋಮಶೇಖರ ಹುಬ್ಬಿಗೆ ಕೈ ಹಿಡಿದು ಕೇಳಿದ. ಮತ್ತೆ ಕೇಳಿದ. ಕೆಳಗೆ ನೋಡಿದ. ನೋಡಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಆಮೇಲೆ ತಲೆಯೆತ್ತಿ, ಎದೆಯುಬ್ಬಿಸಿ ಮೂರನೆಯ ಸಲ ಕೇಳಿದ. ದಿನಾ ನೋಡುವವನಿಗೆ ಇದು ಕಾಣದೇ ಇದ್ದೀತೇ?

ಚಂದ್ರಪ್ಪ ಬಲಗೈ ಬೆರಳಿನಿಂದ ಫೋನನ್ನು ಒತ್ತಿ ನಿಲ್ಲಿಸಿದ. ಸೋಮಶೇಖರನ ಕಡೆ ತಿರುಗಿ, ಒಂದೊಂದು ಅಕ್ಷರವನ್ನೂ ಹಳ್ಳದಿಂದ ಕಲ್ಲೆತ್ತಿದಂತೆ ಎತ್ತಿ, ಹೇಳಿದ: "ಆ... ರ್ನೂರ... ಹದಿ... ನೈದು."

ಐದು ತಿಂಗಳು ಅವನು ಅಭ್ಯಾಸ ಮಾಡಿದ್ದು ಈ ಉತ್ತರವನ್ನು. ಈಗ ಅವನು ಗೆಳೆಯನ ಮುಖ ನೋಡುತ್ತಾ ಮುಂದಿನ ಮಾತಿಗೆ ಕಾದು ಕೂತ. ಅದು ಹೋಯ್ತು ಎನ್ನಬೇಕು. ಆ ಕೈಯನ್ನು, ಆ ಬಾಯನ್ನು ಎದುರಿಗಿಟ್ಟುಕೊಂಡು ಹಾಗೆಂದು ಹೇಳಲು ಸೋಮಶೇಖರನಿಗೆ ನಾಲಿಗೆ ಬರಲಿಲ್ಲ.

"ಬರುತ್ತೆ ಕಣೋ," ಎಂದ. "ಬರುತ್ತೆ, ಕಾಯೋಣ."

ಚಂದ್ರಪ್ಪ ಅಸಮಾಧಾನದಿಂದ ತಲೆಯಾಡಿಸಿದ. "ತ... ಪ್ಪು."

ಡೈಲಾಗ್ ತಪ್ಪು ಎಂದು ಅವನು ಹೇಳಿದ್ದು. ಆದರೆ ಸೋಮಶೇಖರನಿಗೆ ಕಟ್ಟೆ ಒಡೆಯಲು ಅಷ್ಟೇ ಸಾಕಾಯಿತು.

"ಹೌದು ಕಣೋ, ತಪ್ಪು. ನಂದೇ ತಪ್ಪು. ಎರಡನೇ ಸಲದವರೆಗೆ ನನಗೆ ತಿಳೀಲಿಲ್ಲ, ನಿನ್ನಾಣೆ. ಮೂರನೇ ಸಲ ಗೊತ್ತಿತ್ತು. ನಿನ್ನ ಮುಖ ನೋಡೇ ಕೇಳಿದೆ. ಜನ ನಗ್ತಿದ್ರಲ್ಲ, ಬಿಡೋಕೆ ಮನಸ್ಸಾಗಲಿಲ್ಲ. ಅದಕ್ಕೇ ನಾನು ಇಷ್ಟು ದಿನ..."

ಡೋಲಿನಂಥ ದೇಹ ಕುಲುಕುತ್ತಿತ್ತು. ಅವನು ಅದೇ ಮಾತನ್ನು ಹಿಂದುಮುಂದಾಗಿ ಎರಡು ಸಲ, ಮೂರು ಸಲ ಹೇಳಿದ. ಚಂದ್ರಪ್ಪ ಸರಿಯಿರುವ ಕೈಯನ್ನು ಚಾಚಿ ಗೆಳೆಯನ ಮಂಡಿಯ ಮೇಲಿಟ್ಟ.

"ಗೊ... ತ್ತು," ಎಂದ. ಸ್ವಲ್ಪ ಉಸಿರು ತೆಗೆದುಕೊಂಡು, ಮಂಡಿಯನ್ನು ಒತ್ತಿ, ಸ್ಪಷ್ಟವಾಗಿ ಇನ್ನೊಂದೇ ಮಾತು ಹೇಳಿದ: "ಬಸ್."

ಸೋಮಶೇಖರ ಬಾಯಿ ಮುಚ್ಚಿದ. ಈ ಸಲ ಅವನು ಹೊರಗೆ ನೋಡಲಿಲ್ಲ, ಗೆಳೆಯನ ಮುಖವನ್ನೇ ನೋಡಿದ.