ವಾಲಿದ ಮೂರು ಗೆರೆ

ನಮ್ಮೂರಿಗೆ ಬರುತ್ತಿದ್ದ ನರ್ಸಮ್ಮನ ಎಡಗೈ ಹೆಬ್ಬೆರಳಿನಲ್ಲಿ ಒಂದು ಸಣ್ಣ ಕುಳಿ ಇತ್ತು. ಗಾಜಿನ ಸಿರಿಂಜು ಒತ್ತಿ ಒತ್ತಿ ಬಿದ್ದ ಕುಳಿ. ಊಟಕ್ಕಷ್ಟೇ ಬಲಗೈ, ಉಳಿದ ಕೆಲಸಕ್ಕೆಲ್ಲ ಎಡಗೈ. ಐಸು ತುಂಬಿದ ಔಷಧದ ಡಬ್ಬಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಸಿರುಗುಪ್ಪದಿಂದ ನಮ್ಮ ಸಿರಿಗೇರಿಗೆ ಬಸ್ಸಿನಲ್ಲಿ ಬರುತ್ತಿದ್ದರು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಒಂದೇ ಸೂಜಿ. ಆದರೆ ಅದು ಮೂರು ಸಲ ಆಗಬೇಕು. ಒಂದೊಂದು ಸಲಕ್ಕೂ ಕೂಸಿನ ಮನೆಯ ಬಾಗಿಲ ಪಕ್ಕ ಕೆಮ್ಮಣ್ಣಿನಲ್ಲಿ ಒಂದೊಂದು ಗೆರೆ ಎಳೆಯುತ್ತಿದ್ದರು.

ಎಪ್ಪತ್ತರ ದಶಕದ ಮಾತು. ನನ್ನ ಚೊಚ್ಚಲ ಮಗನಿಗೆ ಮೊದಲ ಸೂಜಿಯಾದ ಸಂಜೆ ಮೈ ಬಿಸಿಯಾಯಿತು, ತೊಡೆ ಬಾತಿತು. ಎರಡು ದಿನಕ್ಕೆ ಜ್ವರ ಇಳಿಯಿತು, ಅತ್ತೆಯ ಸಿಟ್ಟು ಇಳಿಯಲಿಲ್ಲ.

"ಚಲೋ ಆಡಕೊಂಡಿದ್ದ ಕೂಸಿಗೆ ಜ್ವರ ತಂದುಕೊಟ್ಟು ಹೋದ್ಲು."

ಮುಂದಿನ ತಿಂಗಳು ನರ್ಸಮ್ಮ ಬರುವ ಹೊತ್ತಿಗೆ ಬಾಗಿಲ ಪಕ್ಕ ಮೂರು ಗೆರೆ ಇದ್ದವು. ಬೆಳಿಗ್ಗೆ ಹೊಸ್ತಿಲು ಸಾರಿಸುವಾಗ ಅತ್ತೆಯೇ ಇನ್ನೆರಡು ಎಳೆದುಬಿಟ್ಟಿದ್ದರು. ನೋಡಿದ್ದ ನನಗೆ ಬಾಯಿಬಿಡುವ ಧೈರ್ಯವಿರಲಿಲ್ಲ.

"ನಮ್ಮದು ಎಲ್ಲಾ ಮುಗದೈತಿ. ಮುಂದಿನ ಮನಿಗೆ ಹೋಗ್ರಿ," ಎಂದರು ಅತ್ತೆ.

ನರ್ಸಮ್ಮ ಗೋಡೆ ನೋಡಿ ನಕ್ಕರು. ಎಡಗೈಯಲ್ಲಿ ಎಳೆದ ಅವರ ಗೆರೆ ಯಾವಾಗಲೂ ವಾಲುತ್ತಿತ್ತು. ಅತ್ತೆಯವು ನೆಟ್ಟಗೆ ನಿಂತಿದ್ದವು.

"ಯವ್ವಾ, ನಿಮ್ಮ ಗೋಡಿಗಂತೂ ಇನ್ನ ಗಂಟಲಮಾರಿ ಬರಂಗಿಲ್ಲ. ಕೂಸಿನ ಗತಿ ಏನು?"

ಅತ್ತೆಯ ಎರಡನೆಯ ಮಗಳು ಎಳವೆಯಲ್ಲೇ ಗಂಟಲಮಾರಿಯಿಂದ ಉಸಿರು ಕಟ್ಟಿ ಹೋದವಳು. ನಮ್ಮ ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಅತ್ತೆ ಹೊಸ್ತಿಲಿನಿಂದ ಪಕ್ಕಕ್ಕೆ ಸರಿದು ಕೇಳಿದರು:

"ಮತ್ತ ಜ್ವರ ಬಂದ್ರ?"

"ಬರಬಹುದು. ಬರಂಗಿಲ್ಲ ಅಂತ ನಾ ಸುಳ್ಳು ಹೇಳಂಗಿಲ್ಲ. ಒಂದೆರಡು ದಿನದಾಗ ಇಳೀತೈತಿ. ಬಾತ ತೊಡಿಗೆ ಬಿಸಿ ಇಟ್ಟಿಗಿ ಒತ್ತಬ್ಯಾಡ್ರಿ, ಹಾಲು ಕುಡಿಸೋದು ಬಿಡಬ್ಯಾಡ್ರಿ. ನಾಳಿ ನಾನ ಬಂದು ನೋಡ್ತೀನಿ."

ಅತ್ತೆ ಒಳಗೆ ಹೋಗಿ ಕೂಸನ್ನು ತಾವೇ ಎತ್ತಿ ತಂದು ಕೊಟ್ಟರು.

ಮರುದಿನ ಬಸ್ಸು ಕೆಟ್ಟಿತ್ತು. ನರ್ಸಮ್ಮ ಭತ್ತ ಇಳಿಸಿ ಮರಳುತ್ತಿದ್ದ ಟ್ರ್ಯಾಕ್ಟರಿನಲ್ಲಿ ಬಂದಿಳಿದರು, ತಲೆ ತುಂಬಾ ಧೂಳು. ಕೂಸಿನ ಹಣೆ ಮುಟ್ಟಿ, "ಇಳ್ಯಾಕತ್ತೈತಿ" ಎಂದರು. ಚಹಾ ತಂದ ಅತ್ತೆ, ನರ್ಸಮ್ಮ ಎಡಗೈ ಚಾಚಿದ್ದು ಕಂಡು, "ಆ ಕೈಲೆ ಹಿಡಕೋಬ್ಯಾಡವಾ," ಎಂದು ಗದರಿಕೊಂಡೇ ಕೊಟ್ಟರು.

ಅತ್ತೆಯ ಸುಳ್ಳು ಗೆರೆಗಳನ್ನು ನರ್ಸಮ್ಮ ಅಳಿಸಲಿಲ್ಲ. ಎರಡನೆಯ ಸೂಜಿಗೆ ಒಂದರ ಮೇಲೆ, ಮೂರನೆಯದಕ್ಕೆ ಇನ್ನೊಂದರ ಮೇಲೆ ತಮ್ಮ ವಾಲಿದ ಗೆರೆ ಎಳೆದರು.

ಆಮೇಲೆ ಪ್ರತಿ ಉಗಾದಿಗೆ ಸುಣ್ಣ ಬಳಿಯುವಾಗ ಅತ್ತೆ ಅಷ್ಟು ಜಾಗ ಬಿಡಿಸುತ್ತಿದ್ದರು. ಬಳ್ಳಾರಿಯಲ್ಲಿ ನರ್ಸಮ್ಮ ತೀರಿಕೊಂಡ ಸುದ್ದಿ ಬಂದಾಗ ನನ್ನ ಮಗ ಹೈಸ್ಕೂಲಿನಲ್ಲಿದ್ದ. ಆ ದಿನ ಅತ್ತೆ ಕೆಮ್ಮಣ್ಣು ಕಲಸಿಕೊಂಡು ಬಾಗಿಲಿಗೆ ಹೋದರು, ಮಾಸಿದ ಮೂರೂ ಗೆರೆಗಳನ್ನು ತಿದ್ದಿದರು. ಎಡಗೈಯಲ್ಲಿ.