ದೊಡ್ಡವ್ವ ಕೂತ ಸೀಟಿನ ಕೆಳಗೆ

ಅವತ್ತು ವ್ಯಾನಿನಲ್ಲಿ ಇದ್ದದ್ದು ಮೂರೇ ಜನ. ಸ್ಟಿಯರಿಂಗ್ ಹಿಡಿದವನು ದೊಡ್ಡವ್ವನ ಮಗ, ನನಗೆ ಅಣ್ಣನಾಗಬೇಕು. ಅವನ ಪಕ್ಕದ ಸೀಟಿನಲ್ಲಿ ದೊಡ್ಡವ್ವ. ಹಿಂದೆ ನಾನು. ನನ್ನನ್ನು ಹತ್ತಿಸಿಕೊಂಡದ್ದು ಮಾತಿಗೆ ಜೊತೆಯಾಗಲಿ ಅಂತಲ್ಲ. ವ್ಯಾನು ಹಳೆಯದು, ತಳ್ಳುವುದಕ್ಕೆ ಒಬ್ಬರು ಇರಲಿ ಅಂತ. ಆ ವ್ಯಾನು ಎಲ್ಲಿಗೆ ಹೊರಟರೂ ಹೀಗೆ ಒಬ್ಬರನ್ನು ಹೆಚ್ಚಿಗೆ ಹತ್ತಿಸಿಕೊಳ್ಳುವುದು ನಮ್ಮ ಮನೆಯ ಪದ್ಧತಿ. ಮದುವೆಗೆ ಹೋದರೆ ಆ ಒಬ್ಬನಿಗೂ ಊಟ ಸಿಗುತ್ತಿತ್ತು.

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಿಂದ ಹರಿಹರಕ್ಕೆ ಅರ್ಧ ಗಂಟೆಯ ದಾರಿ. ಆ ದಾರಿ ಹಿಡಿಯಲು ದೊಡ್ಡವ್ವನಿಗೆ ಒಂಬತ್ತು ವರ್ಷ ಬೇಕಾಗಿತ್ತು.

ಹರಿಹರದಲ್ಲಿ ಇರುವವಳು ಅವಳ ಬೆನ್ನಿಗೆ ಬಿದ್ದ ತಂಗಿ, ನಮ್ಮ ಚಿಕ್ಕವ್ವ. ಒಂಬತ್ತು ವರ್ಷದ ಹಿಂದೆ ಚಿಕ್ಕವ್ವ ತನ್ನ ಮಗಳ ಮದುವೆಗೆ, ಬಾಗಿಲಿಗೆ ಬಂದು ಕುಂಕುಮ ಹಚ್ಚಿ ಕರೆಯುವುದನ್ನು ಬಿಟ್ಟು ಫೋನಿನಲ್ಲಿ ಕರೆದಳು. ದೊಡ್ಡವ್ವ ಮದುವೆಗೆ ಹೋಗಲಿಲ್ಲ. ಯಾಕೆ ಬರಲಿಲ್ಲ ಅಂತ ಚಿಕ್ಕವ್ವ ಕೇಳಲಿಲ್ಲ. ಕೇಳಲಿಲ್ಲವಲ್ಲ ಅಂತ ದೊಡ್ಡವ್ವ ಮಾತು ಬಿಟ್ಟಳು. ಹೀಗೆ ಇಬ್ಬರೂ ಏನೊಂದೂ ಮಾಡದೆ ಜಗಳವನ್ನು ಒಂಬತ್ತು ವರ್ಷ ಜೋಪಾನ ಮಾಡಿದ್ದರು.

ನಡುವೆ ಒಂದು ಸಲ ನಾವು ದೊಡ್ಡವ್ವನನ್ನು ಒಪ್ಪಿಸಿ ಹೊರಡಿಸಿದ್ದುಂಟು. ಪೆಟ್ರೋಲ್ ಬಂಕಿನ ತನಕ ಬಂದಳು. ಪೆಟ್ರೋಲು ಹಾಕಿಸುವ ಹೊತ್ತಿಗೆ, ಸೀರೆಯ ನೆರಿಗೆ ಸರಿ ಮಾಡಿಕೊಳ್ಳುತ್ತೇನೆ ಅಂತ ಕೆಳಗೆ ಇಳಿದವಳು ಆಟೋ ಹತ್ತಿ ಮನೆಗೆ ಹೋಗಿದ್ದಳು. ಅಂದಿನಿಂದ ಅಣ್ಣ ಒಂದು ಮಾತು ಗಟ್ಟಿ ಮಾಡಿಕೊಂಡಿದ್ದ: ಅವ್ವ ಇನ್ನೊಮ್ಮೆ ಹೊರಟರೆ, ಹರಿಹರ ಬರುವ ತನಕ ಗಾಡಿಯಿಂದ ಇಳಿಸಬಾರದು. ಇಳಿದರೆ ಮತ್ತೆ ಹತ್ತುವವಳಲ್ಲ.

ಈ ಸಲ ಅವಳಾಗಿಯೇ ಹೊರಟಿದ್ದಳು. ಚಿಕ್ಕವ್ವನಿಗೆ ಟೈಫಾಯ್ಡ್ ಆಗಿ ತಿಂಗಳಾಯಿತು, ಜ್ವರ ಬಿಟ್ಟರೂ ಬಾಯಿಗೆ ರುಚಿ ಇಲ್ಲ, ಎರಡು ತುತ್ತು ಒಳಗೆ ಹೋಗುವುದಿಲ್ಲ ಅಂತ ಸುದ್ದಿ ಬಂದಿತ್ತು. ಎರಡು ದಿನ ದೊಡ್ಡವ್ವ ಏನೂ ಅನ್ನಲಿಲ್ಲ. ಮೂರನೆಯ ದಿನ ಅಣ್ಣನಿಗೆ ಹೇಳಿದಳು: “ಐತವಾರ ಗಾಡಿ ತೆಗಿ. ಹೋಗ್ತೀನಿ, ನೋಡ್ತೀನಿ, ಬರ್ತೀನಿ. ಅವಳ ಮನ್ಯಾಗ ನೀರು ಕುಡಿಯಲ್ಲ. ಕೈಯಾಗ ಏನೂ ಒಯ್ಯಲ್ಲ.”

ಅಣ್ಣ ಶನಿವಾರವೇ ಪೆಟ್ರೋಲು ಹಾಕಿಸಿ ಇಟ್ಟ.

ಹೊರಟಾಗಿನಿಂದ ವ್ಯಾನಿನೊಳಗೆ ಹುಳಿ ಹುಳಿ ಉಪ್ಪಿನ ವಾಸನೆ. ಅಣ್ಣ ಬುತ್ತಿ ಕಟ್ಟಿಸಿಕೊಂಡಿದ್ದಾನೆ ಅಂದುಕೊಂಡೆ ನಾನು. ನಾನು ಕಟ್ಟಿಸಿಕೊಂಡು ಬಂದಿದ್ದೇನೆ ಅಂತ ಅವನು. ಬಾಯಿ ಬಿಟ್ಟರೆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದು ಇಬ್ಬರೂ ಸುಮ್ಮನಿದ್ದೆವು. ದೊಡ್ಡವ್ವ ಸೆರಗನ್ನು ಮಡಿಲ ತುಂಬ ಹರಡಿಕೊಂಡು ನೆಟ್ಟಗೆ ಕೂತಿದ್ದಳು.

ದೊಡ್ಡಬಾತಿ ದಾಟಿದ ಮೇಲೆ ಒಂದು ಹಂಪ್ ಬಂತು. ಅಣ್ಣ ಅದನ್ನು ನೋಡಿದ್ದು ಹಾರಿಸಿದ ಮೇಲೆ. ಅಲ್ಲಿಂದ ಒಂದು ಫರ್ಲಾಂಗು ಹೋಗುವುದರೊಳಗೆ ಇಂಜಿನ್ನು ಎರಡು ಸಲ ಬಿಕ್ಕಿ ನಿಂತುಬಿಟ್ಟಿತು. ಇದ್ದ ವೇಗದಲ್ಲೇ ವ್ಯಾನನ್ನು ಬೇವಿನ ಮರದ ಕೆಳಗೆ ತಂದು ನಿಲ್ಲಿಸಿದ.

“ಯಾಕ ನಿಲ್ಸಿದಿ?”

“ಇಂಜಿನ್ ಬಿಸಿ ಆಗೈತೆ ಅವ್ವಾ. ಎರಡು ನಿಮಿಷ ಆರ್ಲಿ.”

“ಹೊಂಟು ಕಾಲು ಗಂಟೆ ಆಗಿಲ್ಲ, ಬಿಸಿ ಹೆಂಗಾತು?”

“ಬಿಸ್ಲಲ್ಲಾ.”

ಕೀಲಿ ತಿರುವಿದ. ಗರ್ ಗರ್ ಅಂತ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಮತ್ತೆ ತಿರುವಿದ. ಅದೇ ಸದ್ದು. “ಇಳದು ನೋಡ್ಲಾ?” ಅಂದಳು ದೊಡ್ಡವ್ವ. “ಬ್ಯಾಡ ಬ್ಯಾಡ!” ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು.

ಅಣ್ಣ ಮರದ ಆಚೆ ಬದಿಗೆ ಹೋಗಿ ಕೆ.ಬಿ. ಬಡಾವಣೆಯ ಮೆಕ್ಯಾನಿಕ್ಕಿಗೆ ಫೋನು ಮಾಡಿದ. ಮೆಕ್ಯಾನಿಕ್ ವಯಸ್ಸಾದವರು, ಎಲ್ಲರೂ ಅವರನ್ನು ಭಾಯ್ ಅನ್ನುವುದು. ಸ್ಪೀಕರಿನಲ್ಲಿ ಮಾತು ನನಗೂ ಕೇಳುತ್ತಿತ್ತು.

“ಸೆಲ್ಫ್ ತಿರುಗ್ತೈತಾ?”

“ತಿರುಗ್ತೈತೆ ಭಾಯ್.”

“ಹಂಗಾದ್ರೆ ಬ್ಯಾಟ್ರಿ ವಿಷ್ಯ ಬಿಟ್ಬಿಡ್ರಿ. ಪೆಟ್ರೋಲ್ ಬರ್ತಿಲ್ಲ, ಇಲ್ಲಾಂದ್ರೆ ಕಿಡಿ ಬರ್ತಿಲ್ಲ. ಎಡಗಡೆ ಸೀಟ್ ಎತ್ರಿ, ಪ್ಲಗ್ಗಿನ ವೈರ್ ಕಿತ್ತು ನೋಡ್ರಿ.”

“ಸೀಟ್ ಎತ್ತಂಗಿಲ್ಲ ಭಾಯ್.”

“ಯಾಕ, ತುಕ್ಕು ಹಿಡಿದೈತಾ?”

“ಇಲ್ಲ. ಅವ್ವ ಕುಂತಾಳೆ.”

ಆ ವ್ಯಾನಿಗೆ ಇಂಜಿನ್ನು ಇರುವುದು ಮುಂದಿನ ಸೀಟುಗಳ ಅಡಿಯಲ್ಲಿ. “ಬರ್ತೀನಿ, ಅಲ್ಲೇ ಇರ್ರಿ” ಅಂದರು ಭಾಯ್. ಬೇರೆಲ್ಲಿಗೆ ಹೋಗಲಿಕ್ಕೂ ನಮಗೆ ದಾರಿ ಇರಲಿಲ್ಲ.

ಅವರು ಬರುವ ತನಕ ದೊಡ್ಡವ್ವನನ್ನು ಅಲುಗಾಡಿಸದೆ ಏನೇನು ಪರೀಕ್ಷೆ ಮಾಡಬಹುದೋ ಅಷ್ಟನ್ನೂ ಮಾಡಿದೆವು. ಹಾರ್ನು ಹೊಡೆದು ನೋಡಿದೆವು, ಹೊಡೆಯಿತು. ಮುಂದಿನ ದೀಪ ಹತ್ತಿತು. ವೈಪರ್ ಓಡಿತು. ಪೆಟ್ರೋಲ್ ಮುಳ್ಳು ಕೆಟ್ಟು ವರ್ಷಗಳಾಗಿತ್ತು, ಹಾಗಾಗಿ ಅಣ್ಣ ವ್ಯಾನು ಅಲ್ಲಾಡಿಸಿದ, ನಾನು ಟ್ಯಾಂಕಿಗೆ ಕಿವಿ ಕೊಟ್ಟೆ. ಗುಳುಗುಳು ಅಂತು. ನಾಲ್ಕೂ ಟೈರು ಒದ್ದು ನೋಡಿದೆವು. ಟೈರಿಗೂ ಇಂಜಿನ್ನಿಗೂ ಏನು ಸಂಬಂಧ ಅಂತ ಇಬ್ಬರೂ ಕೇಳಿಕೊಳ್ಳಲಿಲ್ಲ.

ಕಡೆಗೆ ನನ್ನನ್ನು ಯಾತಕ್ಕೆ ಕರೆತಂದಿದ್ದರೋ ಆ ಕೆಲಸ ಬಂತು. ಅಣ್ಣ ಗೇರು ಹಾಕಿ ಕೂತ, ನಾನು ದೊಡ್ಡವ್ವನ ಸಮೇತ ತಳ್ಳಿದೆ. ಮುಂದಿನ ಬೇವಿನ ಮರದ ತನಕ ಐವತ್ತು ಮಾರು ತಳ್ಳಿರಬೇಕು. ಇಂಜಿನ್ನು ಹೊತ್ತಿಕೊಳ್ಳಲಿಲ್ಲ. ದೊಡ್ಡವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಈಗ ಚಲೋ ಹೊಂಟೈತೆ ನೋಡು. ಸದ್ದೂ ಇಲ್ಲ. ಹಿಂಗೇ ಹೋಗಾನ” ಅಂದಳು.

ಅಷ್ಟರಲ್ಲಿ ಭಾಯ್ ಸ್ಕೂಟರಿನಲ್ಲಿ ಬಂದರು. ನಮ್ಮನ್ನು ಮಾತಾಡಿಸದೆ ನೇರ ದೊಡ್ಡವ್ವನ ಬಾಗಿಲಿಗೆ ಹೋದರು.

“ಅಮ್ಮಾರೆ, ಸ್ವಲ್ಪ ಇಳೀರಿ. ಇಂಜಿನ್ ನಿಮ್ ಕೆಳಗೇ ಐತೆ.”

“ನನ್ನ ಕೆಳಗ ಸೀಟ್ ಐತೆ.”

“ಸೀಟಿನ ಕೆಳಗ ಐತ್ರೀ.”

“ನಾನೇನು ಇಂಜಿನ್ನಿಗೆ ಅಡ್ಡ ಕುಂತೀನಾ? ಮ್ಯಾಲೆ ಕುಂತೀನಿ. ನೀವು ಕೆಳಗಿಂದ ನೋಡ್ರಿ.”

ಭಾಯ್ ಅಣ್ಣನ ಮುಖ ನೋಡಿದರು. ಅಣ್ಣ ಮರದ ಮುಖ ನೋಡಿದ. ಭಾಯ್ ಒಂದು ಹಳೆಯ ಬಟ್ಟೆ ತೆಗೆದು, ಮರದ ಬುಡದ ಕಲ್ಲನ್ನು ಒರೆಸಿ, “ನಮ್ಮವ್ವನೂ ಹಿಂಗೇ ರೀ, ಹತ್ತಿದ್ ಗಾಡಿ ಇಳಿಯಾಕಿ ಅಲ್ಲ. ಹತ್ತು ನಿಮಿಷ ಇಲ್ಲಿ ಕೂಡ್ರಿ ಸಾಕು” ಅಂದರು. ದೊಡ್ಡವ್ವ ಇಳಿದಳು. ಇಳಿಯುವಾಗ ಬಲಗೈ ಸೆರಗಿನ ಒಳಗೇ ಇತ್ತು, ಸೆರಗು ಬುಟ್ಟಿಯಷ್ಟು ಉಬ್ಬಿತ್ತು. ಅಣ್ಣನ ಕಣ್ಣು ಮಾತ್ರ ರಸ್ತೆಯಲ್ಲಿ ಆಟೋ ಬರುತ್ತದೋ ಅಂತ ಹುಡುಕುತ್ತಿತ್ತು.

ಭಾಯ್ ಸೀಟು ಎತ್ತಿದರು. ಒಂದು ಪ್ಲಗ್ಗಿನ ವೈರು ಕಿತ್ತು ಕಬ್ಬಿಣದ ಹತ್ತಿರ ಹಿಡಿದು, “ಹೊಡೀರಿ ಸೆಲ್ಫ್” ಅಂದರು. ಕಿಡಿ ಇಲ್ಲ. ಎಲ್ಲ ಪ್ಲಗ್ಗುಗಳಿಗೂ ಕರೆಂಟು ಹಂಚುವ ಕಪ್ಪು ಕ್ಯಾಪು ಬಿಚ್ಚಿ ಒಳಗೆ ಬೆರಳು ಆಡಿಸಿದರು. ಬೆರಳು ಒದ್ದೆಯಾಯಿತು. ಮೂಸಿದರು. ಸ್ವಲ್ಪ ಯೋಚಿಸಿ ನಾಲಿಗೆಗೆ ಮುಟ್ಟಿಸಿದರು.

“ಉಪ್ಪು. ನಿಂಬೆಕಾಯಿ. ಹೊಸಾದಲ್ಲ, ಹಳೇದು” ಅಂದರು. “ಚಲೋ ಐತೆ.”

“ಇಂಜಿನ್ನಾಗ ನಿಂಬೆಕಾಯಿ ಹೆಂಗ ಬಂತು ಭಾಯ್?” ಅಂದ ಅಣ್ಣ.

ಮೂವರೂ ಕಲ್ಲಿನ ಕಡೆ ತಿರುಗಿದೆವು.

“ಇದು ನನ್ನ ಹೊಟ್ಟಿನೋವಿಗೆ” ಅಂದಳು ದೊಡ್ಡವ್ವ. ಯಾರೂ ಕೇಳಿರಲಿಲ್ಲ.

ಸೆರಗಿನೊಳಗಿಂದ ಭರಣಿ ಹೊರಗೆ ಬಂತು. ಬಾಯಿಗೆ ಬಟ್ಟೆ ಕಟ್ಟಿದ, ಮೊಳಕ್ಕಿಂತ ಗಿಡ್ಡ ಭರಣಿ. ಉಪ್ಪಿನಲ್ಲಿ ಹಾಕಿ ಮೂರು ವರ್ಷ ಇಟ್ಟ ನಿಂಬೆಕಾಯಿ. ನಮಗೆ ಕಾಣದಂತೆ ಸೀಟಿನ ಪಕ್ಕದ ಸಂದಿಯಲ್ಲಿ ಇಟ್ಟುಕೊಂಡಿದ್ದಳು. ಹಂಪ್ ಹಾರಿದಾಗ ಅದು ವಾಲಿತ್ತು, ಅದರ ಉಪ್ಪುನೀರು ಸೋರಿ ನೇರ ಕ್ಯಾಪಿನೊಳಗೆ ಇಳಿದಿತ್ತು.

“ಅವಳ ಬಾಯಿಗೆ ರುಚಿ ಇಲ್ಲಂತಲ್ಲ” ಅಂದಳು, ಮುಂದಿನ ಟೈರು ನೋಡುತ್ತಾ.

ಭಾಯ್ ಕ್ಯಾಪನ್ನು ಕುಡಿಯುವ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಉಫ್ ಉಫ್ ಎಂದು ಊದಿ, ಬಿಸಿಲಿಗೆ ಹಿಡಿದು ಒಣಗಿಸಿದರು. ದೊಡ್ಡವ್ವ ಭರಣಿಯ ಬಟ್ಟೆ ಬಿಚ್ಚಿ ಇಣುಕಿದಳು. ಕಾಯಿ ಇದ್ದವು, ರಸ ಹೋಗಿ ಭರಣಿ ಅರ್ಧಕ್ಕೆ ಇಳಿದಿತ್ತು.

“ಅರ್ಧ ಭರಣಿ ಯಾರಾದ್ರೂ ಒಯ್ತಾರೇನು? ತಿರುಗ್ಸು ಗಾಡಿ. ಮನಿಗೆ ಹೋಗಾನ.”

ನಮ್ಮಲ್ಲಿ ಒಬ್ಬರ ಮನೆಗೆ ಪಾತ್ರೆ ಒಯ್ದರೆ ತುಂಬಿದ್ದು ಒಯ್ಯಬೇಕು, ಇಲ್ಲವೇ ಬರಿಗೈಯಲ್ಲಿ ಹೋಗಬೇಕು. ಅರ್ಧದ್ದು ಒಯ್ದರೆ ಉಳಿದರ್ಧ ಮನೆಯಲ್ಲಿ ಇಟ್ಟು ಬಂದ ಹಾಗೆ. ಅಣ್ಣನಿಗೆ ಇದು ಗೊತ್ತು. ವಾದ ಮಾಡಲಿಲ್ಲ.

“ತಿರುಗ್ಸಾಕ ನಡುವೆ ಡಿವೈಡರ್ ಐತೆ ಅವ್ವಾ. ತಿರುವು ಇರೋದು ಹರಿಹರದ ಹತ್ರ. ಅಲ್ಲಿತನ ಹೋಗ್ಲೇಬೇಕು.”

“ಹಂಗಾದ್ರೆ ಅಲ್ಲಿತನ ಹೋಗು.”

ಭಾಯ್ ಕ್ಯಾಪು ಹಾಕಿದರು. ಒಂದೇ ಸಲಕ್ಕೆ ಇಂಜಿನ್ನು ಹೊತ್ತಿತು. ದೊಡ್ಡವ್ವ ಹತ್ತಿದಳು. ಅವಳ ಲೆಕ್ಕದಲ್ಲಿ ಅವಳು ಮನೆಗೆ ಹೊರಟಿದ್ದಳು.

ತಿರುವು ಬಂದಾಗ ಅಣ್ಣ ವೇಗ ಇಳಿಸಿ ಇಂಡಿಕೇಟರ್ ಹಾಕಿದ. ವ್ಯಾನನ್ನು ನಿಲ್ಲಿಸಿಯೇ ಬಿಟ್ಟ. ಹಿಂದೆ ಲಾರಿಯೊಂದು ಹಾರ್ನು ಹೊಡೆಯಿತು.

“ಯಾಕ ನಿಂತಿ?” ಅಂದಳು ದೊಡ್ಡವ್ವ.

“ತಿರುವು ಬಂತಲ್ಲವ್ವಾ.”

“ಹಿಂದ ಪಾಪ ಆ ಲಾರಿಯಂವ ಬಡ್ಕೊಳಾಕ ಹತ್ಯಾನ, ನಿಂಗ ತಿರುವು. ನಡಿ ಮುಂದ.”

ಅಣ್ಣ ಇಂಡಿಕೇಟರ್ ತೆಗೆದ.

ಚಿಕ್ಕವ್ವ ಹೊರಗಿನ ಕೋಣೆಯ ಮಂಚದ ಮೇಲಿದ್ದಳು. ಅರ್ಧಕ್ಕರ್ಧ ಇಳಿದು ಹೋಗಿದ್ದಳು. “ಬರ್ರಪ್ಪಾ, ಕೂಡ್ರಿ” ಅಂತ ನಮ್ಮಿಬ್ಬರಿಗೆ ಹೇಳಿದಳು. ಅಕ್ಕನಿಗೆ ಏನೂ ಹೇಳಲಿಲ್ಲ. ದೊಡ್ಡವ್ವ ಮಂಚದ ಅಂಚಿಗೆ ಭರಣಿ ಇಟ್ಟಳು.

“ಅರ್ಧ ಐತೆ.”

ಚಿಕ್ಕವ್ವ ಬಟ್ಟೆ ಬಿಚ್ಚಿ ಒಂದು ಹೋಳು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಬಹಳ ಹೊತ್ತು ಚೀಪಿದಳು. ಆಮೇಲೆ ಕೇಳಿದಳು:

“ಉಳಿದದ್ದೆಲ್ಲಿ?”

“ಇಂಜಿನ್ ಕುಡೀತು.”

“ಯಾಕ, ಅದಕ್ಕೂ ಟೈಫಾಯ್ಡ್ ಬಂದಿತ್ತಾ?”

ದೊಡ್ಡವ್ವ ನಗಲಿಲ್ಲ. ಮಂಚದ ಮೇಲೆ ಕೂತಳು. ಹೇಳಿದ ಹಾಗೆ ಆ ಮನೆಯಲ್ಲಿ ನೀರು ಕುಡಿಯಲಿಲ್ಲ. ಎರಡು ಸಲ ಚಹಾ ಕುಡಿದಳು.

ಒಂದೂವರೆ ತಿಂಗಳ ಮೇಲೆ ಚಿಕ್ಕವ್ವ ಒಬ್ಬಳೇ ಬಸ್ಸು ಹತ್ತಿ ದಾವಣಗೆರೆಗೆ ಬಂದಳು. ನಾಲ್ಕು ದಿನ ಇದ್ದಳು. ಮೂರನೆಯ ದಿನ ಅಕ್ಕ ತಂಗಿ ಪೇಟೆಗೆ ಹೋಗಿ, ಒಂದೇ ಬಣ್ಣದ ಎರಡು ಜೊತೆ ಚಪ್ಪಲಿ ತಂದು, ಯಾವ ಜೊತೆ ಯಾರದು ಅಂತ ಸಂಜೆಯ ತನಕ ವಾದ ಮಾಡಿದರು.